ರಾಶಿ ಅಳೆಯುವಾಗ ಪಾಲುದಾರ ಕಣದಲ್ಲಿರಬೇಕು: ಜಾಗತಿಕ ಕಂಪನಿಯೊಂದರ ಆಡಳಿತ ಮಂಡಳಿಗೆ ಮಂಡ್ಯದ ಹಳ್ಳಿಯಿಂದ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಾರ್ಖಾನೆಯ ಹಿಂಬದಿಯ ಕಾಂಪೌಂಡಿನಿಂದ ಕೂಗಳತೆಯ ದೂರದಲ್ಲಿದೆ ನಮ್ಮ ಊರು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯಿಸಿಕೊಂಡು ಭತ್ತ, ಕಬ್ಬು ಬೆಳೆಯುವ ಜನ ನಾವು. ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ನಿಮ್ಮಲ್ಲಿ ಗುತ್ತಿಗೆ ಕೆಲಸಕ್ಕೆ ಬರುವ ಹಲವು ಹುಡುಗರಿಗೆ ಅಕ್ಷರ ತಿದ್ದಿಸಿದ್ದೇನೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಮಾನ ಕಳೆಯುವುದು ನನ್ನ ಉದ್ದೇಶವಲ್ಲ, ಮತ್ತು ಇದು ನಿಮಗೇ ಬರೆದದ್ದೆಂದು ನಾಲ್ಕು ಸಾಲು ಓದುವಷ್ಟರಲ್ಲಿ ನಿಮಗೆ ತಿಳಿಯುತ್ತದೆ. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಲಕೋಟೆಯಲ್ಲಿಟ್ಟು ಕೊಟ್ಟ ನಮ್ಮ ಮೂರು ಮನವಿಗಳು ನಿಮ್ಮ ಗೇಟು ದಾಟಿದಂತೆ ಕಾಣುತ್ತಿಲ್ಲ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ನಿಮ್ಮ ಸುಸ್ಥಿರತಾ ವರದಿಯನ್ನು ನನ್ನ ಮೊಬೈಲಿಗೆ ಕಳುಹಿಸಿದ. "ಟೀಚರ್, ನಮ್ಮೂರಿನ ಫೋಟೊ ಬಂದಿದೆ, ನೋಡಿ" ಎಂದ. ನೋಡಿದೆ. ನೀವು ಕಟ್ಟಿಸಿಕೊಟ್ಟ ಶುದ್ಧ ಕುಡಿಯುವ ನೀರಿನ ಘಟಕ, ಅದರ ಮುಂದೆ ನೀಲಿ ಕ್ಯಾನು ಹಿಡಿದು ನಿಂತಿರುವ ಮೂವರು ಹೆಂಗಸರು. ಅವರಲ್ಲಿ ಒಬ್ಬಳು ನಮ್ಮ ಪಕ್ಕದ ಮನೆಯವಳು. ಫಲಾನುಭವಿಗಳ ಸಂಖ್ಯೆ ಎಂಬಲ್ಲಿ ಊರಿನ ಪೂರ್ತಿ ಜನಸಂಖ್ಯೆಯನ್ನೇ ಬರೆದಿದ್ದೀರಿ. ಇನ್ನೂ ಕೆಲವು ಪುಟ ಸರಿಸಿದರೆ ಒಂದು ಕೋಷ್ಟಕ. ಸುತ್ತಲಿನ ಸಮುದಾಯದಿಂದ ಬಂದ ದೂರುಗಳು: ಸೊನ್ನೆ. ಇತ್ಯರ್ಥಕ್ಕೆ ಬಾಕಿ: ಸೊನ್ನೆ.

ಆ ಸೊನ್ನೆಯನ್ನು ನೋಡಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮೊದಲು ನೀರಿನ ಘಟಕದ ವಿಷಯ. ನಮ್ಮ ಕೊಳವೆಬಾವಿಯ ನೀರು ಗಡಸು. ಬೇಳೆ ಬೇಯುವುದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ. ಹೀಗಾಗಿ ನೀವು ಘಟಕ ಕೊಡುತ್ತೀರೆಂದು ತಿಳಿದಾಗ ಊರಿಗೆ ಊರೇ ಸಂತೋಷಪಟ್ಟಿತು. ಉದ್ಘಾಟನೆಯ ದಿನ ನಾನೂ ಮುಂದಿನ ಸಾಲಿನಲ್ಲಿ ನಿಂತು ಮನಸಾರೆ ಚಪ್ಪಾಳೆ ತಟ್ಟಿದ್ದೆ. ಘಟಕ ಎಲ್ಲಿರಬೇಕು ಎಂದು ಯಾರಾದರೂ ಮೊದಲೇ ಕೇಳಿದ್ದರೆ ಹೆಂಗಸರೆಲ್ಲ ಒಂದೇ ಬಾಯಲ್ಲಿ ಅರಳಿಕಟ್ಟೆಯ ಹತ್ತಿರ ಎನ್ನುತ್ತಿದ್ದರು. ಮೂರು ಬೀದಿಗಳು ಬಂದು ಸೇರುವ ಜಾಗ ಅದು. ಕಟ್ಟಿದ್ದು ಡಾಂಬರು ರಸ್ತೆಯ ಆಚೆ ಬದಿಯಲ್ಲಿ, ಹೋಗಿಬರುವ ವಾಹನಗಳಿಗೆ ನಾಮಫಲಕ ಚೆನ್ನಾಗಿ ಕಾಣುವಂತೆ. 20 ಲೀಟರಿನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಲಾರಿಗಳ ನಡುವೆ ರಸ್ತೆ ದಾಟಬೇಕಾಯಿತು. ಆದರೂ ದಾಟಿದರು. ನೀರು ಸಿಹಿಯಾಗಿತ್ತು, ಐದು ರೂಪಾಯಿಯ ನಾಣ್ಯ ಹಾಕಿದರೆ ಬರುತ್ತಿತ್ತು. ಘಟಕದಿಂದ ಹೊರಬೀಳುವ ಉಪ್ಪುನೀರು ಎಲ್ಲಿಗೆ ಹರಿಯಬೇಕೆಂದು ಯಾರೂ ಯೋಚಿಸಿರಲಿಲ್ಲ. ಅದು ಪಕ್ಕದ ಗದ್ದೆಗೆ ಇಳಿಯಿತು. ಗದ್ದೆಯವನು ಎರಡು ಸಲ ಬಂದು ಜಗಳವಾಡಿ, ಕೊನೆಗೆ ತಾನೇ ಬದು ಎತ್ತರಿಸಿಕೊಂಡ.

14 ತಿಂಗಳಾದ ಮೇಲೆ ನೀರಿನ ರುಚಿ ಕೆಟ್ಟಿತು, ಆಮೇಲೆ ಬರುವುದೇ ನಿಂತಿತು. ನೀರು ಸೋಸುವ ಮೆಂಬ್ರೇನ್ ಬದಲಿಸಬೇಕಿತ್ತು. ಪಂಚಾಯಿತಿಗೆ ಹೋದರೆ, ಘಟಕ ನಮಗೆ ಹಸ್ತಾಂತರವಾಗಿಲ್ಲ, ನಮ್ಮ ಆಸ್ತಿ ಪಟ್ಟಿಯಲ್ಲಿಲ್ಲ ಎಂದರು. ನಿಮ್ಮ ಕಚೇರಿಗೆ ಫೋನ್ ಮಾಡಿದರೆ, ನಿರ್ವಹಣೆ ಸ್ವಯಂಸೇವಾ ಸಂಸ್ಥೆಯದ್ದು ಎಂದರು. ಆ ಸಂಸ್ಥೆಯವರನ್ನು ಹುಡುಕಿ ಕೇಳಿದರೆ, ಯೋಜನೆಯ ಅವಧಿ ಮಾರ್ಚ್ 31ಕ್ಕೇ ಮುಗಿಯಿತು ಎಂದರು. ಮೂವರೂ ಹೇಳಿದ್ದು ನಿಜವೇ ಇರಬಹುದು. ಮೊನ್ನೆ ಹೋಗಿ ನೋಡಿಕೊಂಡು ಬಂದೆ. ನಾಣ್ಯ ಹಾಕುವ ಕಂಡಿಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆ. ನಲ್ಲಿಯ ಕೆಳಗಿನ ಸಿಮೆಂಟು ಕಟ್ಟೆ ಬಿಸಿಲಿಗೆ ಬಿರಿದಿದೆ. ನಿಮ್ಮ ಕಂಪನಿಯ ಫಲಕದ ಬಣ್ಣ ಮಾತ್ರ ಹೊಸದರಂತಿದೆ. ನಮ್ಮ ಪಕ್ಕದ ಮನೆಯವಳು, ನಿಮ್ಮ ವರದಿಯಲ್ಲಿ ಇಂದಿಗೂ ನಗುತ್ತಿರುವವಳು, ಈಗ ಮತ್ತೆ ಕೊಳವೆಬಾವಿಯ ನೀರನ್ನೇ ಕಾಯಿಸಿ ಸೋಸುತ್ತಾಳೆ.

ಇನ್ನು ಆ ಮೂರು ಮನವಿಗಳು. ಅವುಗಳಲ್ಲಿ ನಾವು ದುಡ್ಡು ಕೇಳಿರಲಿಲ್ಲ. ಬೆಳಗ್ಗೆ 9ರಿಂದ 10, ಸಂಜೆ 4ರಿಂದ 5, ಈ ಎರಡು ತಾಸು ನಿಮ್ಮ ಸರಕಿನ ಲಾರಿಗಳು ಶಾಲೆಯ ಮುಂದಿನ ರಸ್ತೆಗೆ ಬಾರದಿರಲಿ ಎಂದಷ್ಟೇ ಕೇಳಿದ್ದೆವು. ಮಕ್ಕಳು ಶಾಲೆಗೆ ಬರುವ, ಮನೆಗೆ ಹೋಗುವ ಹೊತ್ತು ಅದು. ಆ ರಸ್ತೆಗೆ ಕಾಲುದಾರಿ ಇಲ್ಲ. ಒಂದು ಬದಿಗೆ ನಾಲೆಯ ತೂಬು, ಇನ್ನೊಂದು ಬದಿಗೆ ಕಬ್ಬಿನ ಗದ್ದೆ. ಲಾರಿ ಬಂದರೆ ಮಕ್ಕಳು ಕಬ್ಬಿನೊಳಗೆ ಇಳಿದು ನಿಲ್ಲುತ್ತಾರೆ. ಮೊದಲ ಮನವಿಯನ್ನು ನಾನೇ ಬರೆದೆ, ಎರಡನೆಯದಕ್ಕೆ ಶಾಲಾಭಿವೃದ್ಧಿ ಸಮಿತಿಯವರು ಸಹಿ ಹಾಕಿದರು, ಮೂರನೆಯದಕ್ಕೆ ಮಕ್ಕಳ ತಾಯಂದಿರು ಹೆಬ್ಬೆಟ್ಟು ಒತ್ತಿದರು. ಗೇಟಿನಲ್ಲಿ ಕಾವಲುಗಾರ ತೆಗೆದುಕೊಂಡ. ಸ್ವೀಕೃತಿ ಕೊಡಿ ಎಂದರೆ, ನನಗೆ ಸೀಲು ಕೊಟ್ಟಿಲ್ಲ ಅಮ್ಮಾ ಎಂದ. ಅವನ ತಪ್ಪಲ್ಲ. ದೂರು ಕೊಡುವುದಕ್ಕೆ ಬಾಗಿಲನ್ನೇ ಇಡದಿದ್ದರೆ ದೂರು ಸೊನ್ನೆಯಾಗದೆ ಇನ್ನೇನಾಗುತ್ತದೆ?

ಬರಿಯ ತಪ್ಪು ಹುಡುಕುವವಳೆಂದು ತಿಳಿಯಬೇಡಿ. ನಿಮ್ಮವರು ಮಾಡಿದ ಒಂದು ಕೆಲಸವನ್ನು ನಾನು ಸಾಯುವ ತನಕ ನೆನೆಯುತ್ತೇನೆ. ಆರು ವರ್ಷಗಳ ಹಿಂದೆ ನಿಮ್ಮ ಕಾರ್ಖಾನೆಯ ಯುವ ಎಂಜಿನಿಯರ್ ಒಬ್ಬರು ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಲು ಶಾಲೆಗೆ ಬಂದರು. ನಕ್ಷೆಯನ್ನು ಬ್ಯಾಗಿನಲ್ಲೇ ಇಟ್ಟು, ಏಳನೆಯ ತರಗತಿಯ ಹುಡುಗಿಯರ ಜೊತೆ ಕುಳಿತು ಏನು ಬೇಕು ಎಂದು ಕೇಳಿದರು. ಹುಡುಗಿಯರು ಮೊದಲು ನಾಚಿದರು, ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಚಿಲಕ ಒಳಗಡೆ ಇರಲಿ, ಚಿಕ್ಕವರಿಗೂ ಎಟುಕಲಿ. ಬ್ಯಾಗು ನೇತುಹಾಕಲು ಒಂದು ಮೊಳೆ ಬೇಕು. ನಲ್ಲಿ ಒಳಗೇ ಇರಲಿ, ಬಕೆಟ್ ಹೊತ್ತುಕೊಂಡು ಹುಡುಗರ ಮುಂದೆ ಹೋಗುವುದು ಬೇಡ. ಕಿಟಕಿ ಮೇಲಿರಲಿ. ಅವರು ಹೇಳಿದಂತೆಯೇ ಕಟ್ಟಿದರು. ಖರ್ಚು ನೀರಿನ ಘಟಕಕ್ಕಿಂತ ಕಡಿಮೆ, ಫಲಕ ಒಂದು ಗೇಣು. ಇವತ್ತಿಗೂ ಆ ಶೌಚಾಲಯ ಬಳಕೆಯಲ್ಲಿದೆ, ಮಕ್ಕಳೇ ಸರದಿಯಲ್ಲಿ ತೊಳೆಯುತ್ತಾರೆ. ದೊಡ್ಡ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದು ನನ್ನ ಕಣ್ಣೆದುರಿಗೇ ಕಡಿಮೆಯಾಯಿತು. ಈ ಎರಡೂ ಕೆಲಸಗಳಿಗೆ ಹಣ ಬಂದದ್ದು ನಿಮ್ಮ ಒಂದೇ ಖಜಾನೆಯಿಂದ. ಒಂದರಲ್ಲಿ ಕೇಳಿದ್ದಿರಿ, ಇನ್ನೊಂದರಲ್ಲಿ ಕೇಳಲಿಲ್ಲ.

ನಿಮ್ಮ ವರದಿಯ ತುಂಬ ಸ್ಟೇಕ್‌ಹೋಲ್ಡರ್ ಎಂಬ ಪದವಿದೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆ. ಕಚೇರಿಗಳಲ್ಲಿ ಪಾಲುದಾರರು ಎಂದು ಬರೆಯುತ್ತಾರೆ ಎಂದ. ಅದು ನಮಗೆ ಹೊಸ ಮಾತಲ್ಲ. ಈ ಸೀಮೆಯಲ್ಲಿ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಹಂಚಿಕೊಳ್ಳುವ ಕರಾರಿಗೆ ಕೊಡುವುದು, ಪಾಲಿಗೆ ಮಾಡುವುದು ತಲೆತಲಾಂತರದ ರೂಢಿ. ನಾನು ಎಂಟು ವರ್ಷದವಳಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಸುಗ್ಗಿಯ ಕಾಲ. ಕಣದಲ್ಲಿ ಭತ್ತ ತೂರಿ ರಾಶಿ ಮಾಡಿಯಾಗಿತ್ತು. ರಾಶಿಯ ಪೂಜೆಯೂ ಮುಗಿದಿತ್ತು. ತಾತ ಭತ್ತ ಅಳೆಯುವ ಕೊಳಗ ಹಿಡಿದು ಕುಳಿತರು, ಆದರೆ ಅಳೆಯಲಿಲ್ಲ. ಗದ್ದೆಯನ್ನು ಪಾಲಿಗೆ ಮಾಡಿದವನು ಮಗುವಿಗೆ ಹುಷಾರಿಲ್ಲವೆಂದು ಪಕ್ಕದ ಊರಿಗೆ ಹೋಗಿದ್ದ. ಹೊತ್ತು ಮುಳುಗುತ್ತಾ ಬಂತು. ಅವನೇನು ಅಂದುಕೊಳ್ಳುತ್ತಾನೆ, ಅಳೆದು ಅವನ ಪಾಲು ಎತ್ತಿಡೋಣ ಎಂದು ಚಿಕ್ಕಪ್ಪ ಅವಸರಪಡಿಸಿದರು. ತಾತ ಒಪ್ಪಲಿಲ್ಲ. ರಾಶಿಯ ಸುತ್ತ ಬೂದಿಯಿಂದ ಗೆರೆ ಎಳೆಸಿ, ಮೇಲೆ ಹುಲ್ಲು ಹೊದಿಸಿ, ರಾತ್ರಿಯೆಲ್ಲ ಕಣದಲ್ಲೇ ಮಲಗಿದರು. ಬೆಳಗ್ಗೆ ಅವನು ಬಂದು ಗೆರೆ ಅಳಿಸಿಲ್ಲವೆಂದು ನೋಡಿದ ಮೇಲೆಯೇ ಮೊದಲ ಕೊಳಗ ತುಂಬಿ, ಒಂದು ಎನ್ನದೆ 'ಲಾಭ' ಎಂದು ಎಣಿಕೆ ಶುರು ಮಾಡಿದರು. ಅಳತೆಯಲ್ಲಿ ತಾತ ಮೋಸ ಮಾಡುತ್ತಾರೆಂಬ ಅನುಮಾನ ಯಾರಿಗೂ ಇರಲಿಲ್ಲ. ಆದರೂ ಪಾಲುದಾರ ಎದುರಿಗಿಲ್ಲದ ಅಳತೆ ಅಳತೆಯೇ ಅಲ್ಲ ಎಂಬುದು ಅವರ ನಿಲುವು. ನೀವು ನಮ್ಮನ್ನು ಪಾಲುದಾರರೆಂದು ಕರೆದಿರುವುದರಿಂದ ಈ ನಡಾವಳಿಯನ್ನು ನಿಮಗೆ ತಿಳಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕಳೆದ ವರ್ಷ ನೀವು ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಪಾಲುದಾರರ ಸಮಾಲೋಚನೆ ನಡೆಸಿದಿರಿ. ನಮ್ಮ ಊರಿನಿಂದ ಕರೆ ಬಂದದ್ದು ಇಬ್ಬರಿಗೆ, ಇಬ್ಬರೂ ಗಂಡಸರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಊಟ ಚೆನ್ನಾಗಿತ್ತು, ಒಂದು ಚೀಲ ಕೊಟ್ಟರು ಎಂದು ಬಂದು ಹೇಳಿದರು. ಏನು ಚರ್ಚೆಯಾಯಿತು ಎಂಬುದನ್ನು ಹೇಳಲು ಅವರಿಂದ ಆಗಲಿಲ್ಲ.

ಜನರನ್ನು ಕೂರಿಸಿ ಲೆಕ್ಕ ಒಪ್ಪಿಸುವುದು ಈ ನೆಲಕ್ಕೆ ವಿದೇಶದಿಂದ ಬರಬೇಕಾದ ವಿದ್ಯೆಯಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ ಸಂಸ್ಥಾನದ ಮೂಲೆಮೂಲೆಯಿಂದ 144 ಮಂದಿ ಬಂದರು, ರೈತರು, ವರ್ತಕರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೆ ದಸರಾ ಸಮಯದಲ್ಲಿ ದಿವಾನರೇ ಎದ್ದು ನಿಂತು ಆ ವರ್ಷ ಏನು ಮಾಡಿದೆವು, ಎಷ್ಟು ಖರ್ಚಾಯಿತು ಎಂದು ಹೇಳಬೇಕಿತ್ತು. ಪ್ರತಿನಿಧಿಗಳು ತಮ್ಮ ಊರಿನ ಕೆರೆ, ರಸ್ತೆ, ಕಂದಾಯದ ಕಷ್ಟಗಳನ್ನು ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದರು. ನಮ್ಮ ಮಂಡ್ಯದಲ್ಲೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಸ್ಥಾಪನೆಯಾದಾಗ ಕಬ್ಬು ಬೆಳೆಯುವ ರೈತರಿಗೂ ಅದರಲ್ಲಿ ಷೇರು ಇತ್ತು. ಆ ಕಾರ್ಖಾನೆಗಾಗಿ ದುಡಿದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದವರು, ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿದ ಸಸ್ಯರೋಗ ವಿಜ್ಞಾನಿ. ಹೊರದೇಶದವರೆಂಬ ಕಾರಣಕ್ಕೆ ಮಂಡ್ಯದ ಜನ ಯಾರನ್ನೂ ದೂರ ಇಟ್ಟಿಲ್ಲ. ಮೈಷುಗರ್ ಮುಂದೆ ಕಂಡ ಕಷ್ಟಗಳು ಬೇರೆಯೇ ಕಥೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಕಾನೂನು ಏನು ಹೇಳುತ್ತದೆಂದು ಆ ವಿದ್ಯಾರ್ಥಿಯಿಂದಲೇ ಕೇಳಿ ತಿಳಿದುಕೊಂಡೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ರೂಪಾಯಿ ವಹಿವಾಟು, 5 ಕೋಟಿ ರೂಪಾಯಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಯಾವ ಯೋಜನೆ, ಹೇಗೆ ಜಾರಿ, ಯಾರು ಉಸ್ತುವಾರಿ ಎಂಬ ವಾರ್ಷಿಕ ಕ್ರಿಯಾ ಯೋಜನೆಯನ್ನು ಮಂಡಳಿ ಒಪ್ಪಬೇಕು. ಕೆಲಸದಿಂದ ಆದದ್ದೇನು ಎಂದು ಹೊರಗಿನವರಿಂದ ಮೌಲ್ಯಮಾಪನ ಮಾಡಿಸಬೇಕೆಂಬ ನಿಯಮ 2021ರಲ್ಲಿ ಬಂತು. ಆದರೆ ಅದು ಅನ್ವಯಿಸುವುದು ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾದ ಕಂಪನಿಗಳ, 1 ಕೋಟಿ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳಿಗೆ ಮಾತ್ರ. ಕೆಲವು ಲಕ್ಷದ ನಮ್ಮ ನೀರಿನ ಘಟಕ ಆ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ಅದು ಕೆಟ್ಟು ಕುಳಿತಿದೆಯೆಂದು ನೋಡಬೇಕಾದ ಕಾನೂನಿನ ಕಣ್ಣು ಯಾವುದೂ ಇಲ್ಲ; ನಿಮ್ಮ ಕಣ್ಣೇ ಇರಬೇಕು.

ಈ ಶೇ 2ರ ಲೆಕ್ಕ ಲಾಭವನ್ನು ಹೇಗೆ ಖರ್ಚು ಮಾಡಿದಿರಿ ಎಂಬುದರದ್ದು. ಲಾಭ ಬರುವಾಗ ರಸ್ತೆಗೆ ಏನಾಯಿತು, ಅಂತರ್ಜಲಕ್ಕೆ ಏನಾಯಿತು, ಗುತ್ತಿಗೆಯ ಹುಡುಗನಿಗೆ ಪಾಳಿ ಮುಗಿದ ಮೇಲೆ ಮನೆಗೆ ಬರಲು ಬಸ್ ಸಿಕ್ಕಿತೇ ಎಂಬುದಕ್ಕೆ ಆ ಕಾಲಂನಲ್ಲಿ ಜಾಗವಿಲ್ಲ. ನಮ್ಮ ಲಾರಿಯ ದೂರು ಬಿದ್ದುಹೋದದ್ದು ಈ ಸಂದಿಯಲ್ಲೇ. ಅದು ದಾನದ ವಿಭಾಗಕ್ಕೆ ಸೇರಲಿಲ್ಲ, ಸಾಗಣೆ ವಿಭಾಗಕ್ಕೆ ತಲುಪಲಿಲ್ಲ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಒಪ್ಪಿದ, ಉದ್ದಿಮೆ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ಸೂತ್ರಗಳನ್ನು ಪಾಲಿಸುತ್ತೇವೆಂದು ನಿಮ್ಮ ವರದಿಯ ಮೊದಲ ಪುಟಗಳಲ್ಲೇ ಬರೆದಿದ್ದೀರಿ. ದೂರು ಕೊಡುವ ವ್ಯವಸ್ಥೆ ಜನರ ಕೈಗೆಟುಕುವಂತಿರಬೇಕು ಎಂದು ಆ ಸೂತ್ರಗಳು ಹೇಳುತ್ತವೆ. ಜನ ಎಲ್ಲಿ ಎಡವುತ್ತಾರೆ ಎಂಬುದನ್ನೂ ಬಿಡಿಸಿ ಹೇಳುತ್ತವೆ: ಇಂಥದೊಂದು ವ್ಯವಸ್ಥೆ ಇದೆಯೆಂದೇ ತಿಳಿಯದಿರುವುದು, ಭಾಷೆ, ಅಕ್ಷರ ಬಾರದಿರುವುದು, ಖರ್ಚು, ದೂರ, ಮತ್ತು ಹೇಳಿದರೆ ಏನಾಗುವುದೋ ಎಂಬ ಭಯ. ಓದುತ್ತಾ ಹೋದಂತೆ ನನಗೆ ನಮ್ಮ ಊರಿನ ಒಬ್ಬೊಬ್ಬರ ಮುಖ ಕಾಣುತ್ತಿತ್ತು. ಭಯ ಎಂಬಲ್ಲಿ ಹೆಚ್ಚು ಹೊತ್ತು ನಿಂತೆ. ಮೂರನೆಯ ಮನವಿಗೆ ಒಬ್ಬ ತಾಯಿ ಹೆಬ್ಬೆಟ್ಟು ಒತ್ತಲಿಲ್ಲ. ಅವಳ ಮಗ ನಿಮ್ಮಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾನೆ. ಅವಳ ಮಗಳು ಅದೇ ರಸ್ತೆಯಲ್ಲಿ ಶಾಲೆಗೆ ಬರುತ್ತಾಳೆ.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಘಟಕ ಬಂದ ದಿನ, ಕೆಟ್ಟರೆ ಯಾರು ನೋಡಿಕೊಳ್ಳುತ್ತೀರಿ ಎಂದು ನಾವು ಕೇಳಲಿಲ್ಲ. ಪಂಚಾಯಿತಿ ಒಂದು ಹಾಳೆಯ ಕರಾರನ್ನೂ ಬರೆಸಿಕೊಳ್ಳಲಿಲ್ಲ. ಕೊಟ್ಟವರನ್ನು ಪ್ರಶ್ನಿಸಬಾರದು ಎಂಬ ಸಂಕೋಚ ನಮ್ಮಲ್ಲಿತ್ತು. ಆದರೆ ನಿಮ್ಮ ಕಾರ್ಖಾನೆಯ ಕೆಳಗಿರುವ ನೆಲದಲ್ಲಿ ನಮ್ಮ ಊರಿನ ಗದ್ದೆಗಳೂ ಇವೆ. ಕೈಗಾರಿಕಾ ಪ್ರದೇಶಕ್ಕೆಂದು ಭೂಸ್ವಾಧೀನದ ನೋಟಿಸು ಬಂದಾಗ ಅದನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಓದಿಸಲು ಬಂದವರನ್ನು ನಾನು ಮರೆತಿಲ್ಲ. ಪರಿಹಾರ ಸಿಕ್ಕಿತು, ನಿಜ. ಪರಿಹಾರದ ಹಣದಲ್ಲಿ ಕೆಲವರು ಮನೆ ಕಟ್ಟಿದರು, ಕೆಲವರು ಮದುವೆ ಮಾಡಿದರು. ಗದ್ದೆ ಮರಳಿ ಬರಲಿಲ್ಲ. ನಮ್ಮದು ಪಾಲು ಎಂಬ ಮಾತು ಅಲ್ಲಿಂದ ಬರುತ್ತದೆ.

ಈಗ ನಮ್ಮ ಬೇಡಿಕೆ. ಮುಂದಿನ ವರ್ಷದ ಕ್ರಿಯಾ ಯೋಜನೆಯನ್ನು ಮಂಡಳಿ ಒಪ್ಪುವ ಮೊದಲು ಅದನ್ನು ಕನ್ನಡದಲ್ಲಿ ನಮ್ಮ ಗ್ರಾಮಸಭೆಯ ಮುಂದೆ ಇಡಿ. ವಾರ್ಡ್ ಸಭೆ, ಗ್ರಾಮಸಭೆ ಎಂಬ ವೇದಿಕೆಗಳನ್ನು ಪಂಚಾಯತ್ ರಾಜ್ ಕಾಯ್ದೆಯೇ ಮಾಡಿಕೊಟ್ಟಿದೆ, ಹೋಟೆಲ್ ಹುಡುಕಬೇಕಾಗಿಲ್ಲ. ಹೆಂಗಸರು ಪ್ರತ್ಯೇಕವಾಗಿ ಮಾತನಾಡಲು ಅವಕಾಶವಿರಲಿ, ಬೆರೆತ ಸಭೆಯಲ್ಲಿ ಅವರು ಬಾಯಿ ಬಿಡುವುದಿಲ್ಲ. ಏನನ್ನು ಕಟ್ಟಿಕೊಟ್ಟರೂ ಐದು ವರ್ಷದ ನಿರ್ವಹಣೆಯ ಹಣ ಮತ್ತು ಹಸ್ತಾಂತರದ ಪತ್ರ ಅದರ ಜೊತೆಯಲ್ಲೇ ಬರಲಿ. ಅದಕ್ಕಾಗಿ ಹೊಸ ಕೆಲಸ ಒಂದು ಕಡಿಮೆಯಾದರೂ ಚಿಂತೆಯಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಒಂದು ದೂರು ಪುಸ್ತಕ ಇಡಿ, ಸ್ವೀಕೃತಿ ಚೀಟಿಯ ಸಮೇತ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ವಾರಕ್ಕೊಮ್ಮೆ ನಿಮ್ಮವರೊಬ್ಬರು ಬರಲಿ, ಎಷ್ಟು ದಿನದಲ್ಲಿ ಉತ್ತರ ಎಂಬುದನ್ನು ಅದರ ಮೇಲೆಯೇ ಬರೆಯಿರಿ. ದೂರು ಕೊಟ್ಟವರ ಮನೆಯವರ ಕೆಲಸಕ್ಕೆ ಕುತ್ತು ಬರುವುದಿಲ್ಲವೆಂದು ನಿಮ್ಮ ಕಾರ್ಖಾನೆಯ ಮುಖ್ಯಸ್ಥರು ಊರಿನ ಎದುರು ಹೇಳಲಿ.

ಲಾರಿಯ ವಿಷಯಕ್ಕೆ ಸಭೆ, ಯೋಜನೆ, ಮಂಡಳಿ ಏನೂ ಬೇಡ. ಸಾಗಣೆಯ ಮೇಲ್ವಿಚಾರಕರು ವೇಳಾಪಟ್ಟಿ ತಿದ್ದಿದರೆ ಸಾಕು. ಅದನ್ನು ನಾಳೆಯೇ ಮಾಡಬಹುದು. ದಯವಿಟ್ಟು ನಾಳೆಯೇ ಮಾಡಿ.

ಸಂಕ್ರಾಂತಿ ಕಳೆದಿದೆ, ಕಣದ ಕೆಲಸ ಮುಗಿಯುತ್ತಾ ಬಂದಿದೆ, ಜನಕ್ಕೆ ಸ್ವಲ್ಪ ಬಿಡುವಿದೆ. ಬರುವುದಾದರೆ ಈ ತಿಂಗಳಲ್ಲೇ ಬನ್ನಿ. ಸಂಜೆ ಆರೂವರೆಯ ಮೇಲೆ ಬಂದರೆ ಡೈರಿಗೆ ಹಾಲು ಹಾಕಿ ಎಲ್ಲರೂ ಮನೆಗೆ ಬಂದಿರುತ್ತಾರೆ. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿರುತ್ತೇವೆ, ಶಾಮಿಯಾನ, ಹಾರ ಯಾವುದೂ ಬೇಡ. ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಇರುವ ಒಬ್ಬರು, ಕನ್ನಡ ಬಲ್ಲ ಒಬ್ಬರು, ನಮ್ಮ ಊರಿನ ಹೆಸರಿನಲ್ಲಿ ಕಳೆದ ಮೂರು ವರ್ಷ ಖರ್ಚು ಬರೆದ ಲೆಕ್ಕ, ಇಷ್ಟು ಜೊತೆಗಿರಲಿ. ಎರಡು ದಿನ ಮುಂಚಿತವಾಗಿ ತಿಳಿಸಿದರೆ ಪಂಚಾಯಿತಿಯ ಮೈಕಿನಲ್ಲಿ ಸಾರಿಸುತ್ತೇವೆ. ಹೆಬ್ಬೆಟ್ಟು ಒತ್ತದ ಆ ತಾಯಿಯನ್ನೂ ನಾನೇ ಹೋಗಿ ಕರೆತರುತ್ತೇನೆ. ಬರುವ ದಾರಿಯಲ್ಲಿ, ಊರು ಸೇರುವ ಮೊದಲು ಬಲಕ್ಕೆ ನಿಮ್ಮ ಫಲಕ ಕಾಣುತ್ತದೆ. ಅಲ್ಲಿ ಒಂದು ನಿಮಿಷ ಗಾಡಿ ನಿಲ್ಲಿಸಿ, ಇಳಿದು, ನಲ್ಲಿ ತಿರುಗಿಸಿ ನೋಡಿ ಬನ್ನಿ.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ,
ಮಂಡ್ಯ ಜಿಲ್ಲೆ